ಚಿನ್ನ ಗೆದ್ದರೂ ರಾಷ್ಟ್ರಗೀತೆ ಮೊಳಗಲಿಲ್ಲ: ಯಾರು ಈ ಟೇಕ್ವಾಂಡೋ ಚಾಂಪಿಯನ್ ಖ್ರಾಮ್ಟ್ಸೊವ್?

2021ರ ಜುಲೈ 26. ಟೋಕಿಯೊ ಒಲಿಂಪಿಕ್ಸ್‌ನ ಪುರುಷರ 80 ಕೆ.ಜಿ. ಟೇಕ್ವಾಂಡೋ ಫೈನಲ್. ಜೋರ್ಡಾನ್‌ನ ಸಾಲೆಹ್ ಅಲ್ ಶರಬಾತಿ ಅವರನ್ನು 20-9 ಅಂಕಗಳಿಂದ ಮಣಿಸಿ ಮ್ಯಾಕ್ಸಿಮ್ ಖ್ರಾಮ್ಟ್ಸೊವ್ ಚಿನ್ನ ಗೆದ್ದರು. ಆದರೆ ಪದಕ ಪ್ರದಾನದ ವೇಳೆ ರಷ್ಯಾದ ಧ್ವಜ ಏರಲಿಲ್ಲ, ರಾಷ್ಟ್ರಗೀತೆ ಮೊಳಗಲಿಲ್ಲ. ಅದರ ಬದಲು ಕೇಳಿಸಿದ್ದು ಚೈಕೋವ್ಸ್ಕಿಯ ಪಿಯಾನೋ ಸಂಗೀತ.

ಆಗ ಅವರಿಗೆ 23 ವರ್ಷ. ವಿಶ್ವ ಚಾಂಪಿಯನ್ ಪಟ್ಟವೂ ಒಲಿಂಪಿಕ್ ಚಿನ್ನವೂ ಕೈಯಲ್ಲಿದ್ದವು. ಆದರೂ ಮುಂದಿನ ಒಲಿಂಪಿಕ್ಸ್‌ನಲ್ಲಿ ಅವರು ಕಣಕ್ಕಿಳಿಯಲಿಲ್ಲ. ಇದಕ್ಕೆ ಕಾರಣವೇನು? ಇಲ್ಲಿದೆ ವಿವರ.

ತೈಲ ನಗರಿಯ ಹುಡುಗ

ಖ್ರಾಮ್ಟ್ಸೊವ್ ಹುಟ್ಟಿದ್ದು 1998ರ ಜನವರಿ 12ರಂದು, ಸೈಬೀರಿಯಾದ ತೈಲ ನಗರಿ ನಿಜ್ನೆವಾರ್ಟೊವ್ಸ್ಕ್‌ನಲ್ಲಿ. 2017ರಲ್ಲಿ ಟೇಕ್ವಾಂಡೋದ ತವರು ದಕ್ಷಿಣ ಕೊರಿಯಾದ ಮುಜುವಿನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ 74 ಕೆ.ಜಿ. ವಿಭಾಗದಲ್ಲಿ ಚಿನ್ನ ಗೆದ್ದಾಗ ಅವರಿಗಿನ್ನೂ 19 ವರ್ಷ.

ಆದರೆ ಒಂದು ತೊಡಕಿತ್ತು. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಪುರುಷರಿಗೆ ಎಂಟು ತೂಕದ ವಿಭಾಗಗಳಿವೆ, ಒಲಿಂಪಿಕ್ಸ್‌ನಲ್ಲಿ ನಾಲ್ಕೇ. 74 ಕೆ.ಜಿ. ವಿಭಾಗ ಅಲ್ಲಿಲ್ಲ. ಒಂದೋ 68ಕ್ಕೆ ಇಳಿಯಬೇಕು, ಇಲ್ಲವೇ 80ಕ್ಕೆ ಏರಬೇಕು. ಅವರು ಏರುವ ದಾರಿ ಹಿಡಿದರು, ತಮಗಿಂತ ಭಾರದ ಎದುರಾಳಿಗಳನ್ನು ಎದುರಿಸಲು ಸಜ್ಜಾದರು.

ಮುರಿದ ಕೈಯಲ್ಲೇ ಹೋರಾಟ

ಟೋಕಿಯೊ ಕೂಟಕ್ಕೆ ಮುನ್ನ ಖ್ರಾಮ್ಟ್ಸೊವ್ ಅವರ ಕೈ ಮೂಳೆ ಮುರಿದಿತ್ತು. ಹಾಗಿದ್ದೂ ಚಿನ್ನ ಗೆಲ್ಲಲು ಸಾಧ್ಯವಾದದ್ದು ಹೇಗೆ? ಟೇಕ್ವಾಂಡೋದ ಅಂಕ ಲೆಕ್ಕ ನೋಡಿದರೆ ಅರ್ಥವಾಗುತ್ತದೆ. ಎದೆಗವಚಕ್ಕೆ ಬೀಳುವ ಗುದ್ದಿಗೆ 1 ಅಂಕ, ಒದೆತಕ್ಕೆ 2, ತಲೆಗೆ ಬೀಳುವ ಒದೆತಕ್ಕೆ 3. ಮೈ ತಿರುಗಿಸಿ ಒದ್ದರೆ ಎದೆಗೆ 4, ತಲೆಗೆ 5. ಅಂದರೆ ಇಲ್ಲಿ ಪಂದ್ಯ ಗೆಲ್ಲಿಸುವುದು ಕಾಲು. ಆದರೆ ಎದುರಾಳಿಯ ಒದೆತ ತಡೆಯಲು ಕೈ ಬೇಕೇ ಬೇಕು. ಪೆಟ್ಟಾದ ಕೈ ಮೇಲೆ ಮತ್ತೆ ಪೆಟ್ಟು ಬೀಳುವ ಅಪಾಯದ ನಡುವೆಯೇ ಅವರು ಆಡಿದರು.

ಟೇಕ್ವಾಂಡೋದಲ್ಲಿ ರಷ್ಯಾದ ಸ್ಪರ್ಧಿಯೊಬ್ಬರಿಗೆ ಒಲಿಂಪಿಕ್ ಚಿನ್ನ ಸಿಕ್ಕಿದ್ದು ಅದೇ ಮೊದಲು. 2016ರ ರಿಯೊ ಫೈನಲ್‌ನಲ್ಲಿ ಅಲೆಕ್ಸೆಯ್ ಡೆನಿಸೆಂಕೊ ಜೋರ್ಡಾನ್‌ನವರ ಎದುರೇ ಸೋತು ಬೆಳ್ಳಿಗೆ ತೃಪ್ತಿಪಟ್ಟಿದ್ದರು. ಖ್ರಾಮ್ಟ್ಸೊವ್ ಗೆದ್ದ ಮರುದಿನವೇ ವ್ಲಾಡಿಸ್ಲಾವ್ ಲಾರಿನ್ 80 ಕೆ.ಜಿ.ಗೂ ಮೇಲಿನ ವಿಭಾಗದಲ್ಲಿ ಎರಡನೇ ಚಿನ್ನ ತಂದರು.

ಧ್ವಜ ಏಕಿರಲಿಲ್ಲ?

ಉದ್ದೀಪನ ಮದ್ದು ಪ್ರಕರಣದಲ್ಲಿ ರಷ್ಯಾದ ಹೆಸರು, ಧ್ವಜ ಮತ್ತು ರಾಷ್ಟ್ರಗೀತೆಯ ಮೇಲೆ ನಿರ್ಬಂಧವಿತ್ತು. ನಾಲ್ಕು ವರ್ಷಗಳ ಶಿಕ್ಷೆಯನ್ನು ಕ್ರೀಡಾ ನ್ಯಾಯಮಂಡಳಿ 2020ರ ಡಿಸೆಂಬರ್‌ನಲ್ಲಿ ಎರಡು ವರ್ಷಕ್ಕೆ ಇಳಿಸಿತ್ತು. ಹೀಗಾಗಿ ರಷ್ಯಾದವರೆಲ್ಲರೂ ಟೋಕಿಯೊದಲ್ಲಿ 'ಆರ್‌ಒಸಿ' ಎಂಬ ಮೂರಕ್ಷರದ ಹೆಸರಿನಲ್ಲಿ ಆಡಿದರು.

ಯುದ್ಧ ತಂದ ತಡೆ

2022ರ ಫೆಬ್ರವರಿಯಲ್ಲಿ ಉಕ್ರೇನ್ ಮೇಲೆ ರಷ್ಯಾ ದಾಳಿ ಮಾಡಿದ ಬೆನ್ನಲ್ಲೇ ವಿಶ್ವ ಟೇಕ್ವಾಂಡೋ ಸಂಸ್ಥೆ ಅಧ್ಯಕ್ಷ ಪುಟಿನ್ ಅವರಿಗೆ ಕೊಟ್ಟಿದ್ದ ಗೌರವ ಬ್ಲ್ಯಾಕ್ ಬೆಲ್ಟ್ ಹಿಂಪಡೆಯಿತು. ರಷ್ಯಾದ ಸ್ಪರ್ಧಿಗಳಿಗೂ ಅಂತರರಾಷ್ಟ್ರೀಯ ಕಣದ ಬಾಗಿಲು ಮುಚ್ಚಿತು.

2023ರ ಬಾಕು ವಿಶ್ವ ಚಾಂಪಿಯನ್‌ಷಿಪ್‌ಗೆ ಕೆಲವರನ್ನು ತಟಸ್ಥ ಸ್ಪರ್ಧಿಗಳಾಗಿ ಬಿಟ್ಟುಕೊಳ್ಳಲಾಯಿತು. ಯುದ್ಧವನ್ನು ಬೆಂಬಲಿಸಿರಬಾರದು, ಸೇನೆಯೊಂದಿಗೆ ನಂಟಿರಬಾರದು ಎಂಬುದು ಷರತ್ತು. ಪರಿಶೀಲನೆಯ ನಂತರ ಅನುಮತಿ ಸಿಗದವರಲ್ಲಿ ಖ್ರಾಮ್ಟ್ಸೊವ್ ಮತ್ತು ಲಾರಿನ್ ಇಬ್ಬರೂ ಇದ್ದರು. 2024ರ ಪ್ಯಾರಿಸ್ ಟೇಕ್ವಾಂಡೋ ಕಣದಲ್ಲಿ ರಷ್ಯಾದ ಒಬ್ಬರೂ ಇರಲಿಲ್ಲ. ಖ್ರಾಮ್ಟ್ಸೊವ್ ಗೆದ್ದಿದ್ದ ವಿಭಾಗದ ಚಿನ್ನ ಟ್ಯುನೀಷಿಯಾದ ಫಿರಾಸ್ ಕತೌಸಿ ಪಾಲಾಯಿತು.

ಕ್ರೀಡಾಪಟು ಯಾಕೆ ದಂಡ ತೆರಬೇಕು ಎಂದು ಕೇಳುವವರಿದ್ದಾರೆ. ಮನೆ, ತರಬೇತಿ ಕೇಂದ್ರ, ಜೊತೆಗಾರರನ್ನೇ ಕಳೆದುಕೊಂಡ ಉಕ್ರೇನ್ ಕ್ರೀಡಾಪಟುಗಳ ಪಾಡೇನು ಎಂದು ಮರುಪ್ರಶ್ನೆ ಹಾಕುವವರೂ ಇದ್ದಾರೆ. ವಾದ ಏನೇ ಇರಲಿ, ಕಾಲಿನ ವೇಗವನ್ನೇ ನಂಬಿದ ಈ ಆಟದಲ್ಲಿ 24ರಿಂದ 26ರವರೆಗಿನ ವಯಸ್ಸು ಬಲು ಅಮೂಲ್ಯ. ಖ್ರಾಮ್ಟ್ಸೊವ್ ಅವರಿಗೆ ಆ ವರ್ಷಗಳು ಮರಳಿ ಬರುವುದಿಲ್ಲ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ವೇಳೆಗೆ ಅವರಿಗೆ 30 ತುಂಬಿರುತ್ತದೆ.