ಸುಕ್ರಜ್ಜಿಯ ಹಾಡು, ಹಾಲಕ್ಕಿಗಳ ಪಾಡು

ಕಡೂರು, ಬೀರೂರು, ತರೀಕೆರೆ ದಾಟಿ ಶಿವಮೊಗ್ಗದತ್ತ ಸಾಗುವ ಹೆದ್ದಾರಿ ಸಾಗರ ಹಾದು, ಶರಾವತಿ ಕಣಿವೆಯ ತಿರುವುಗಳನ್ನು ಇಳಿದು ಹೊನ್ನಾವರದಲ್ಲಿ ಕಡಲು ಸೇರುತ್ತದೆ. ಅಲ್ಲಿಂದ ಬಡಗಲಾಗಿ ಹೊರಳಿ ಕುಮಟಾ ದಾಟಿದರೆ ಅಂಕೋಲಾ. ಆ ತಾಲ್ಲೂಕಿನ ಬಡಗೇರಿ ಎಂಬ ಸಣ್ಣ ಊರಿನಿಂದ 2017ರಲ್ಲಿ ಒಬ್ಬ ಅಜ್ಜಿ ದೆಹಲಿಗೆ ಹೋದರು. ಕೊರಳು ತುಂಬ ಮಣಿಸರ, ಹೆಗಲ ಮೇಲೆ ತಮ್ಮವರ ರೀತಿಯಲ್ಲಿ ಕಟ್ಟಿದ ಸೀರೆ. ಹೊಲದ ಬದುವಿನಲ್ಲಿ ಹೇಗಿರುತ್ತಿದ್ದರೋ ಹಾಗೆಯೇ ರಾಷ್ಟ್ರಪತಿ ಭವನದ ಸಭಾಂಗಣಕ್ಕೆ ನಡೆದು ಬಂದು, ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಅವರ ಕೈಯಿಂದ ಪದ್ಮಶ್ರೀ ಪಡೆದರು. ಹೆಸರು ಸುಕ್ರಿ ಬೊಮ್ಮಗೌಡ. ಉತ್ತರ ಕನ್ನಡದವರ ಬಾಯಲ್ಲಿ ಸುಕ್ರಜ್ಜಿ.

ಅವರಿಗೆ ಓದು ಬರಹ ಇರಲಿಲ್ಲ. ತಲೆಯಲ್ಲಿದ್ದದ್ದು ಸಾವಿರಾರು ಹಾಡು. ಮದುವೆಯ ಹಾಡು, ನಾಟಿಯ ಹಾಡು, ಹಬ್ಬದ ಹಾಡು, ಮಗುವನ್ನು ಮಲಗಿಸುವ ಹಾಡು, ದೇವರ ಕತೆ ಹೇಳುವ ಉದ್ದನೆಯ ಹಾಡು. ಎಲ್ಲವೂ ಅಮ್ಮನ ಬಾಯಿಂದ, ಕೇರಿಯ ಹಿರಿಯ ಹೆಂಗಸರ ಬಾಯಿಂದ ಕೇಳಿ ಕಲಿತವು. 2025ರ ಫೆಬ್ರವರಿ 13ರಂದು ಸುಕ್ರಜ್ಜಿ ತೀರಿಕೊಂಡಾಗ ಆ ಹಾಡುಗಳಲ್ಲಿ ಒಂದು ಪಾಲು ಧ್ವನಿಮುದ್ರಣಗಳಲ್ಲಿ ಉಳಿಯಿತು, ಒಂದು ಪಾಲು ಅವರಿಂದ ಕಲಿತವರ ಬಾಯಲ್ಲಿ ಉಳಿಯಿತು. ಮಿಕ್ಕದ್ದು ಅವರೊಂದಿಗೇ ಹೋಯಿತು.

ಹಾಲಕ್ಕಿಗಳ ನಡುವೆ

ಸುಕ್ರಜ್ಜಿಯ ಸಮುದಾಯವಾದ ಹಾಲಕ್ಕಿ ಒಕ್ಕಲಿಗರು ಉತ್ತರ ಕನ್ನಡದ ಕರಾವಳಿಯ ಜನ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ ತಾಲ್ಲೂಕುಗಳಲ್ಲಿ ಅವರ ಕೊಪ್ಪಗಳಿವೆ. ಭತ್ತದ ಗದ್ದೆ, ತರಕಾರಿ ಹಿತ್ತಲು, ಹತ್ತಿರದ ಕಾಡು ಅವರ ಬದುಕಿನ ಆಧಾರ. ತಲೆಮಾರುಗಳ ಕಾಲ ಹೆಚ್ಚಿನವರು ಗೇಣಿ ಒಕ್ಕಲುಗಳಾಗಿಯೇ ದುಡಿದರು. ಅಂಕೋಲೆಯ ನೆಲದಲ್ಲೇ ಕವಿ ದಿನಕರ ದೇಸಾಯಿ ರೈತರನ್ನು ಸಂಘಟಿಸಿ ಗೇಣಿದಾರರ ಹಕ್ಕಿಗಾಗಿ ಹೋರಾಡಿದ್ದು. ಆ ಕಾಲದ ಕೂಲಿ, ಗೇಣಿ, ಸಾಲಗಳ ನಡುವೆ ಬೆಳೆದ ಹೆಣ್ಣುಮಗಳು ಸುಕ್ರಿ.

ಹಾಲಕ್ಕಿಗಳಿಗೆ ಹಾಡು ಬಿಡುವಿನ ವೇಳೆಯ ಮನರಂಜನೆ ಮಾತ್ರ ಆಗಿರಲಿಲ್ಲ. ಹೋಳಿಯ ಹೊತ್ತಿನ ಸುಗ್ಗಿಯಲ್ಲಿ ಗಂಡಸರು ಬಣ್ಣದ ಹೂಗಳ ತುರಾಯಿ ತಲೆಗೇರಿಸಿಕೊಂಡು ಊರೂರು ಕುಣಿಯುತ್ತ ಹೋಗುತ್ತಾರೆ. ಗುಮಟೆಪಾಂಗ್ ಎಂಬ ಹಾಡುಗಾರಿಕೆಗೆ ಜೊತೆಯಾಗುವ ಗುಮಟೆ ಎರಡೂ ತುದಿ ತೆರೆದ ಮಣ್ಣಿನ ಗಡಿಗೆ. ಒಂದು ಬಾಯಿಗೆ ಚರ್ಮ ಬಿಗಿದು, ಇನ್ನೊಂದು ಬಾಯಿಯನ್ನು ಅಂಗೈಯಿಂದ ಮುಚ್ಚಿ ತೆರೆದು ದನಿಯ ಏರಿಳಿತ ತರುತ್ತಾರೆ. ಹಿಂದೆ ಅದಕ್ಕೆ ಉಡದ ಚರ್ಮವೇ ಆಗಬೇಕಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಉಡದ ಬೇಟೆ ನಿಷಿದ್ಧವಾದ ಮೇಲೆ ಗುಮಟೆ ಕಟ್ಟುವವರು ಬೇರೆ ಚರ್ಮ ಹುಡುಕಬೇಕಾಯಿತು.

ಹೆಂಗಸರ ಹಾಡಿಗೆ ಇಂಥ ವಾದ್ಯ ಬೇಕಿಲ್ಲ. ಬಾಯಿ ಸಾಕು, ಜೊತೆಗೆ ನಾಲ್ಕು ಮಂದಿ ಬೇಕು. ಮದುವೆ ಮನೆಯಲ್ಲಿ ಒಂದೊಂದು ಶಾಸ್ತ್ರಕ್ಕೂ ಅದರದೇ ಹಾಡು. ಹಾಡಿಲ್ಲದೆ ಶಾಸ್ತ್ರ ಮುಂದೆ ಸಾಗುವುದಿಲ್ಲ. ಹಾಗಾಗಿ ಹಾಡು ಬಲ್ಲ ಹೆಂಗಸಿಗೆ ಊರಿನಲ್ಲಿ ಒಂದು ಸ್ಥಾನ ತಾನಾಗಿಯೇ ಸಿಗುತ್ತಿತ್ತು. ಆಕೆಯ ಮನೆಗೆ ಕರೆ ಬರುತ್ತಿತ್ತು, ಆಕೆ ಬರುವವರೆಗೆ ಕಾಯುತ್ತಿದ್ದರು. ಸುಕ್ರಿಯ ಕಲಿಕೆ ನಡೆದದ್ದು ಇಂಥ ಮದುವೆ ಚಪ್ಪರಗಳಲ್ಲಿ, ನಾಟಿಯ ಗದ್ದೆಗಳಲ್ಲಿ. ಮುಂದೆ ಆ ಸ್ಥಾನ ಅವರದಾಯಿತು.

ಸಾರಾಯಿಯ ವಿರುದ್ಧ

ಹದಿನಾರರ ಹರೆಯದಲ್ಲೇ ಸುಕ್ರಿಗೆ ಮದುವೆಯಾಯಿತು. ಗಂಡ ಬೊಮ್ಮಗೌಡ ವಯಸ್ಸಿನಲ್ಲಿ ಬಹಳ ಹಿರಿಯ. ಕುಡಿತ ಗಂಡನನ್ನು ಕಿತ್ತುಕೊಂಡಿತು. ಮುಂದೆ ದತ್ತು ತೆಗೆದುಕೊಂಡು ಸಾಕಿದ ಮಗನೂ ಅದೇ ಕುಡಿತಕ್ಕೆ ಬಲಿಯಾದ. ಒಂದೇ ಮನೆಯಲ್ಲಿ ಎರಡು ಸಲ ಬಂದ ಈ ದುಃಖ ಅವರನ್ನು ಮೂಲೆಗೆ ಕೂರಿಸಲಿಲ್ಲ. 1990ರ ದಶಕದಲ್ಲಿ ಬಡಗೇರಿ ಮತ್ತು ಸುತ್ತಲಿನ ಊರುಗಳಲ್ಲಿ ಸಾರಾಯಿ ವಿರೋಧಿ ಹೋರಾಟ ಎದ್ದಾಗ ಸುಕ್ರಿ ಬೊಮ್ಮಗೌಡ ಅದರ ಮುಂಚೂಣಿಯಲ್ಲಿದ್ದರು.

ಮನೆಯ ಸಂಕಟವನ್ನು ಹೊರಗೆ ಹೇಳಿಕೊಳ್ಳುವುದಕ್ಕೆ ಹೆಂಗಸರು ಹಿಂಜರಿಯುತ್ತಿದ್ದ ಕಾಲ ಅದು. ಬೀದಿಗಿಳಿದು ಸಾರಾಯಿ ಮಾರುವವರನ್ನು ಎದುರಿಸುವುದು ದೂರದ ಮಾತು. ಆದರೆ ಈ ಹೆಂಗಸರಿಗೆ ಗುಂಪುಗೂಡುವುದು ಹೊಸದಾಗಿರಲಿಲ್ಲ. ನಾಟಿಗೆ, ಮದುವೆಗೆ, ಹಬ್ಬಕ್ಕೆ ಸೇರಿ ಒಂದೇ ದನಿಯಲ್ಲಿ ಹಾಡಿದವರೇ ಅವರು. ಮುಂದೆ ನಿಂತು ಸಾಲು ಎತ್ತಿಕೊಡುವ ಹೆಂಗಸಿನ ಮಾತಿಗೆ ಬೆಲೆ ಕೊಡುವ ರೂಢಿಯೂ ಇತ್ತು. ಸುಕ್ರಜ್ಜಿಯ ನಾಯಕತ್ವ ಬಂದದ್ದು ಯಾವ ಪಕ್ಷದಿಂದಲೂ ಅಲ್ಲ, ಯಾವ ಹುದ್ದೆಯಿಂದಲೂ ಅಲ್ಲ. ಅದು ಹಾಡಿನಿಂದ ಬಂದದ್ದು. ರಾಜ್ಯದ ನಾನಾ ಕಡೆ ಹಳ್ಳಿಯ ಹೆಂಗಸರು ಇಂಥ ಹೋರಾಟ ನಡೆಸಿದ ಎಷ್ಟೋ ವರ್ಷಗಳ ಬಳಿಕ, 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧ ಜಾರಿಗೆ ಬಂತು.

ಕಡಲಾಚೆಯ ಒಬ್ಬ ಗಾಯಕಿ

ಸುಕ್ರಜ್ಜಿಯ ಬದುಕನ್ನು ನೆನೆದಾಗ ದೂರದ ಇನ್ನೊಬ್ಬ ಹಾಡುಗಾರ್ತಿ ನೆನಪಾಗುತ್ತಾರೆ. ಅಮೆರಿಕದಲ್ಲಿ ಹಳ್ಳಿಗಾಡಿನ ಹಾಡಿನ ಪರಂಪರೆಗೆ ಕಂಟ್ರಿ ಮ್ಯೂಸಿಕ್ ಎಂದು ಹೆಸರು. ಅದರ ದೊಡ್ಡ ಗಾಯಕಿಯರಲ್ಲಿ ಒಬ್ಬರಾದ ಲೊರೆಟಾ ಲಿನ್ ಹುಟ್ಟಿದ್ದು 1932ರಲ್ಲಿ, ಕೆಂಟಕಿ ರಾಜ್ಯದ ಕಲ್ಲಿದ್ದಲು ಗಣಿ ಕಾರ್ಮಿಕನ ಗುಡಿಸಲಿನಲ್ಲಿ. ಹದಿನೈದಕ್ಕೆ ಮದುವೆ, ಇಪ್ಪತ್ತು ತುಂಬುವ ಮೊದಲೇ ಹಲವು ಮಕ್ಕಳ ತಾಯಿ, ಗಂಡನಿಗೆ ಕುಡಿತದ ಚಟ. 1960ರಲ್ಲಿ ಆಕೆಯ ಮೊದಲ ಧ್ವನಿಮುದ್ರಿಕೆ ಹೊರಬಂತು. ಕುಡಿದು ಮನೆಗೆ ಬರುವ ಗಂಡನಿಗೆ ಹೆಂಡತಿ ನೇರವಾಗಿ ಎಚ್ಚರಿಕೆ ಕೊಡುವ ಆಕೆಯ ಹಾಡು 1967ರಲ್ಲಿ ಕಂಟ್ರಿ ಹಾಡುಗಳ ಪಟ್ಟಿಯ ಮೊದಲ ಸ್ಥಾನಕ್ಕೇರಿತು. 2013ರಲ್ಲಿ ಅಮೆರಿಕದ ಅಧ್ಯಕ್ಷರು ಆಕೆಗೆ ದೇಶದ ಅತ್ಯುನ್ನತ ನಾಗರಿಕ ಗೌರವ ನೀಡಿದರು. 2022ರ ಅಕ್ಟೋಬರ್‌ನಲ್ಲಿ ಆಕೆ ತೀರಿಕೊಂಡರು.

ಎಳೆಯ ವಯಸ್ಸಿನ ಮದುವೆ, ಗಂಡನ ಕುಡಿತ, ಹಾಡು, ಕೊನೆಗೆ ದೇಶದ ಮನ್ನಣೆ. ಇಷ್ಟರಲ್ಲಿ ಬಡಗೇರಿಗೂ ಕೆಂಟಕಿಗೂ ಹೋಲಿಕೆಯಿದೆ. ವ್ಯತ್ಯಾಸವಿರುವುದು ಹಾಡಿನ ಒಡೆತನದಲ್ಲಿ. ಲೊರೆಟಾ ಬರೆದ ಹಾಡು ಲೊರೆಟಾ ಹೆಸರಿನಲ್ಲಿ ಮಾರಾಟವಾಯಿತು, ಆಕೆಗೆ ಜೀವನ ಕೊಟ್ಟಿತು. ಸುಕ್ರಜ್ಜಿಯ ಹಾಡಿಗೆ ಬರೆದವರ ಹೆಸರಿಲ್ಲ. ಅದು ಊರೆಲ್ಲರ ಸೊತ್ತು. ಅದನ್ನು ಹೊತ್ತು ತಂದದ್ದಕ್ಕೆ ಅವರಿಗೆ ಗೌರವ ಸಿಕ್ಕಿತು, ಸಂಪಾದನೆಯಾಗಲಿಲ್ಲ.

ಇನ್ನೊಂದು ವ್ಯತ್ಯಾಸ ಇನ್ನೂ ಮುಖ್ಯವಾದದ್ದು. 1927ರ ಬೇಸಿಗೆಯಲ್ಲಿ ಟೆನೆಸ್ಸಿಯ ಬ್ರಿಸ್ಟಲ್ ಪಟ್ಟಣಕ್ಕೆ ರಾಲ್ಫ್ ಪಿಯರ್ ಎಂಬಾತ ಧ್ವನಿಮುದ್ರಣ ಯಂತ್ರ ತಂದು, ಸುತ್ತಲಿನ ಗುಡ್ಡಗಾಡಿನ ಗಾಯಕರನ್ನು ಕರೆದು ಹಾಡಿಸಿದ. ಆ ಗಾಯಕರಲ್ಲಿದ್ದ ಕಾರ್ಟರ್ ಕುಟುಂಬದ ಹಾಡುಗಳು ದೇಶಕ್ಕೆ ಕೇಳಿಸಿದ್ದು ಹಾಗೆ. ಅದಾದ ನಾಲ್ಕು ವರ್ಷಕ್ಕೆ, 1931ರಲ್ಲಿ, ವಿಜಾಪುರ ಸೀಮೆಯ ಹಲಸಂಗಿ ಗೆಳೆಯರು ‘ಗರತಿಯ ಹಾಡು’ ಎಂಬ ಜನಪದ ಹಾಡುಗಳ ಸಂಗ್ರಹ ಪ್ರಕಟಿಸಿದರು. ಕನ್ನಡ ಜಾನಪದಕ್ಕೆ ಅದು ದೊಡ್ಡ ಘಟನೆ. ಅಲ್ಲಿನವರು ದನಿಯನ್ನು ಹಿಡಿದಿಟ್ಟರು, ನಾವು ನುಡಿಯನ್ನು ಹಿಡಿದಿಟ್ಟೆವು. ನಮ್ಮ ಹಿರಿಯರ ಕೈಯಲ್ಲಿದ್ದದ್ದು ಕಾಗದ ಮತ್ತು ಲೇಖನಿ. ಅಷ್ಟರಿಂದಲೇ ಅವರು ಅಪಾರವಾದುದನ್ನು ಉಳಿಸಿದರು. ಆದರೆ ಆ ಹಾಡುಗಳ ಧಾಟಿ ಪುಟಗಳ ಮೇಲೆ ಉಳಿಯಲಿಲ್ಲ.

ಧಾಟಿ ಎಂದರೆ ಎಷ್ಟು ದೊಡ್ಡ ವಿಷಯ ಎಂಬುದಕ್ಕೆ ತ್ರಿಪದಿಯನ್ನೇ ನೋಡಬಹುದು. ಪುಸ್ತಕದಲ್ಲಿ ಅದಕ್ಕೆ ಮೂರೇ ಸಾಲು. ಹಾಡುವಾಗ ಎರಡನೆಯ ಸಾಲಿನ ಭಾಗ ಮರುಕಳಿಸಿ ನಾಲ್ಕು ಸಾಲಾಗುತ್ತದೆ. ಒಬ್ಬಾಕೆ ಸಾಲು ಎತ್ತುತ್ತಾಳೆ, ಉಳಿದವರು ಅದನ್ನೇ ಹಿಡಿದು ಮರಳಿ ಹಾಡುತ್ತಾರೆ. ಅಷ್ಟರಲ್ಲಿ ಮೊದಲಿನಾಕೆಗೆ ಉಸಿರೆಳೆದುಕೊಳ್ಳಲು, ಮುಂದಿನ ಸಾಲನ್ನು ನೆನಪಿಗೆ ತಂದುಕೊಳ್ಳಲು ಬಿಡುವು. ಹಿಂದಿನಿಂದ ಹಾಡುವ ಎಳೆಯ ಹುಡುಗಿಗೆ ಅದೇ ಪಾಠ. ಒಂದು ರಾತ್ರಿಯಲ್ಲಿ ಒಂದೇ ಸಾಲು ಅವಳ ಕಿವಿಗೂ ಬಾಯಿಗೂ ಎಷ್ಟು ಸಲ ಬರುತ್ತದೆಂದರೆ, ಬೇಡವೆಂದರೂ ಮರೆಯಲಾಗದು. ಸಾವಿರಾರು ಹಾಡು ಒಬ್ಬರ ನೆನಪಿನಲ್ಲಿ ನಿಲ್ಲುವುದು ಪವಾಡವಲ್ಲ. ಹಾಡುವ ಕ್ರಮದಲ್ಲೇ ಕಲಿಸುವ ಕ್ರಮ ಅಡಗಿದೆ. ಹಾಡುವ ಸಂದರ್ಭ ನಿಂತರೆ ಕಲಿಕೆಯೂ ಅಂದೇ ನಿಲ್ಲುತ್ತದೆ.

ಹಾಲಕ್ಕಿಗಳಿಗೆ ಆದದ್ದು ಅದೇ. ನಾಟಿಯ ಕೆಲಸ ಕಡಿಮೆಯಾಯಿತು. ಹುಡುಗ ಹುಡುಗಿಯರು ಓದಿಗೆ, ಕೆಲಸಕ್ಕೆ ಊರು ಬಿಟ್ಟರು. ಕಾರವಾರ, ಅಂಕೋಲಾ ಭಾಗದಲ್ಲಿ ಸೀಬರ್ಡ್ ನೌಕಾನೆಲೆಗಾಗಿ ಹಳ್ಳಿಗಳೇ ಎದ್ದುಹೋದವು. ಮದುವೆ ಕಲ್ಯಾಣ ಮಂಟಪಕ್ಕೆ ಬಂದಾಗ ಶಾಸ್ತ್ರಗಳು ಕಿರಿದಾದವು, ಧ್ವನಿವರ್ಧಕ ಹಾಡಿನ ಜಾಗಕ್ಕೆ ಬಂತು. ಸುಕ್ರಜ್ಜಿ ಇದನ್ನು ಕಣ್ಣಾರೆ ಕಂಡವರು. ಹಾಗಾಗಿ ಕೇಳಿ ಬಂದವರಿಗೆ ಇಲ್ಲವೆನ್ನದೆ ಹಾಡಿದರು. ಕಾರವಾರ ಆಕಾಶವಾಣಿ ಅವರ ಹಾಡುಗಳನ್ನು ಮುದ್ರಿಸಿಕೊಂಡಿತು. ಜಾನಪದ ಅಕಾಡೆಮಿಯ ಗೌರವ ಬಂತು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಪದವಿ ನೀಡಿತು. ಕೇರಿಯ ಹೆಂಗಸರನ್ನು ಜೊತೆಗೆ ಕರೆದುಕೊಂಡು ವೇದಿಕೆಗಳಿಗೆ ಹೋದರು. ತಾರ್ಲೆ ಕುಣಿತದ ಹಾಡುಗಳನ್ನು ಕಿರಿಯರಿಗೆ ಕಲಿಸಿದರು. ಪದ್ಮಶ್ರೀ ಬಂದ ಮೇಲೂ ಬಡಗೇರಿಯನ್ನು ಬಿಡಲಿಲ್ಲ.

ತಮ್ಮ ಜನರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಹಾಲಕ್ಕಿಗಳ ಬೇಡಿಕೆ ಹಳೆಯದು. ಸಿಕ್ಕ ವೇದಿಕೆಗಳಲ್ಲಿ ಸುಕ್ರಜ್ಜಿ ಅದಕ್ಕೂ ದನಿಗೂಡಿಸಿದರು. ಅವರ ಕಾಲದಲ್ಲಿ ಅದು ಈಡೇರಲಿಲ್ಲ. ಅದೇ ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡ, ಗಿಡ ನೆಟ್ಟು ಪದ್ಮಶ್ರೀ ಪಡೆದ ಇನ್ನೊಬ್ಬ ಹಾಲಕ್ಕಿ ತಾಯಿ, 2024ರ ಡಿಸೆಂಬರ್ 16ರಂದು ತೀರಿಕೊಂಡಿದ್ದರು. ಎರಡು ತಿಂಗಳೂ ತುಂಬುವ ಮೊದಲೇ ಸುಕ್ರಜ್ಜಿಯೂ ಹೊರಟರು. ಒಂದು ಸಣ್ಣ ಸಮುದಾಯಕ್ಕೆ ಇದು ತುಂಬಲಾರದ ನಷ್ಟ.

ಶಿವನಿ ಸೀಮೆಗೆ ಬಂದರೆ

ಅಂಕೋಲೆಯ ಕತೆ ಕಡೂರು, ತರೀಕೆರೆ ಕಡೆಯ ಶಿವನಿಯವರಿಗೆ ದೂರದ್ದಲ್ಲ. ರಾಗಿ, ಈರುಳ್ಳಿ, ಅಡಿಕೆ ಬೆಳೆಯುವ ಈ ಬಯಲು ಹಾಡಿಲ್ಲದ ನಾಡಾಗಿರಲಿಲ್ಲ. ರಾಗಿ ಬೀಸುವಾಗ ಬೀಸುವ ಪದ, ಮದುವೆಯಲ್ಲಿ ಸೋಬಾನೆ, ಹಬ್ಬಕ್ಕೆ ಕೋಲಾಟದ ಪದ. ಅಂತರಘಟ್ಟೆಯ ದುರ್ಗಮ್ಮನ ಜಾತ್ರೆಗೆ ಇಂದಿಗೂ ಎತ್ತಿನಗಾಡಿಗಳು ಸಾಲುಗಟ್ಟಿ ಹೋಗುತ್ತವೆ. ಕನ್ನಡ ಜಾನಪದದ ಹಿರಿಯ ವಿದ್ವಾಂಸರಾದ ಗೊ.ರು. ಚನ್ನಬಸಪ್ಪ ಹುಟ್ಟಿದ್ದು ಇದೇ ಸೀಮೆಯ ಗೊಂಡೇದಹಳ್ಳಿಯಲ್ಲಿ. ಕನ್ನಡ ಸಾಹಿತ್ಯ ಪರಿಷತ್ತಿನ ಅಧ್ಯಕ್ಷರಾಗಿದ್ದ ಅವರು 2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ ನಡೆದ 87ನೇ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಆದರು. ಹಳ್ಳಿಯ ಹಾಡು ಕೇಳಿ ಬೆಳೆದ ಕಿವಿಯೊಂದು ನಾಡಿಗೆ ಏನು ಕೊಡಬಲ್ಲದು ಎಂಬುದಕ್ಕೆ ಈ ಭಾಗದವರು ಬೇರೆ ಉದಾಹರಣೆ ಹುಡುಕಬೇಕಿಲ್ಲ.

ಬೀಸುವ ಕಲ್ಲಿನ ಜಾಗಕ್ಕೆ ಹಿಟ್ಟಿನ ಗಿರಣಿ ಬಂದು ದಶಕಗಳೇ ಕಳೆದಿವೆ. ಬೀಸುತ್ತ ಹಾಡಿದವರಲ್ಲಿ ಈಗ ಉಳಿದಿರುವವರು ತೀರ ವಯಸ್ಸಾದವರು. ಸಂಸ್ಥೆಗಳಿಲ್ಲವೆಂದಲ್ಲ. ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ, ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ಆದರೆ ಯಾವ ಸಂಸ್ಥೆಯೂ ಪ್ರತಿ ಊರಿನ ಪ್ರತಿ ಮನೆಯ ಜಗಲಿಗೆ ಬಂದು ಕೂರಲಾರದು. ಆ ಕೆಲಸ ಮನೆಯವರದೇ.

ಹಲಸಂಗಿ ಗೆಳೆಯರಿಗೆ ಇಲ್ಲದಿದ್ದ ಸಾಧನ ಇವತ್ತು ಎಲ್ಲರ ಜೇಬಿನಲ್ಲಿದೆ. ಶಿವನಿಯಲ್ಲಿ, ಅಜ್ಜಂಪುರದಲ್ಲಿ, ಕಡೂರು ತರೀಕೆರೆಯ ಹಳ್ಳಿಗಳಲ್ಲಿ ಹಾಡು ಬಲ್ಲ ಅಜ್ಜಿ ಮನೆಯಲ್ಲಿದ್ದರೆ ಅಥವಾ ಪಕ್ಕದ ಮನೆಯಲ್ಲಿದ್ದರೆ, ಅವರ ಒಪ್ಪಿಗೆ ಕೇಳಿ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಸಾಧ್ಯವಾದರೆ ಜೊತೆಗೆ ಹಾಡುತ್ತಿದ್ದ ಒಬ್ಬಿಬ್ಬರನ್ನು ಕರೆಸಿ ಕೂರಿಸಿ. ಜೊತೆ ದನಿ ಸಿಕ್ಕರೆ ಮರೆತ ಸಾಲು ಮರಳಿ ಬರುತ್ತದೆ. ಹಾಡು ಮುಗಿಯುವವರೆಗೆ ನಡುವೆ ಮಾತನಾಡಿಸಬೇಡಿ. ಮುಗಿದ ಮೇಲೆ ಅದನ್ನು ಯಾವಾಗ ಹಾಡುತ್ತಿದ್ದರು, ಯಾರಿಂದ ಕಲಿತರು, ಅರ್ಥವಾಗದ ಪದ ಯಾವುದು ಎಂದು ಕೇಳಿ, ಅದನ್ನೂ ಮುದ್ರಿಸಿಕೊಳ್ಳಿ. ಹೆಸರು, ಊರು, ತಾರೀಕು ಬರೆದಿಡಿ. ಒಂದು ಪ್ರತಿಯನ್ನು ಮನೆಯಲ್ಲಿಟ್ಟುಕೊಂಡು, ಹಾಡಿದವರು ಒಪ್ಪಿದರೆ ಇನ್ನೊಂದನ್ನು ಊರಿನ ಶಾಲೆಗೋ ಗ್ರಂಥಾಲಯಕ್ಕೋ ಕೊಡಿ. ಈ ಭಾನುವಾರವೇ ಶುರು ಮಾಡಿ.