ಆರ್‌ಐಪಿ ಎಂದು ಟೈಪ್ ಮಾಡುವ ಮುನ್ನ

ಅಕ್ಟೋಬರ್ ಕೊನೆಯ ವಾರ ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್, ಲೀಡ್ಸ್‌ನ ಬೀದಿಗಳಲ್ಲಿ ಮಕ್ಕಳ ಕೈ ಹಿಡಿದು ನಡೆದರೆ ಮನೆಗಳ ಮುಂದೆ ಪ್ಲಾಸ್ಟಿಕ್ ಗೋರಿಕಲ್ಲುಗಳು ಕಾಣುತ್ತವೆ. ಅವುಗಳ ಮೇಲೆ ಮೂರೇ ಅಕ್ಷರ: ಆರ್, ಐ, ಪಿ. ಹ್ಯಾಲೋವೀನ್ ಮುಗಿದರೂ ಆ ಅಕ್ಷರಗಳು ನಮ್ಮನ್ನು ಬಿಡುವುದಿಲ್ಲ. ಊರಿನಲ್ಲಿ ದೊಡ್ಡಪ್ಪನೋ ಅಜ್ಜಿಯೋ ತೀರಿಕೊಂಡ ಸುದ್ದಿ ಕುಟುಂಬದ ವಾಟ್ಸಾಪ್ ಗುಂಪಿಗೆ ಬಂದರೆ ಸಾಕು, ಸಾಲುಸಾಲಾಗಿ ಅವೇ ಮೂರಕ್ಷರ, ಜೊತೆಗೆ ಕೈಮುಗಿದ ಚಿತ್ರ. ತಮಾಷೆಯ ಅಲಂಕಾರದಲ್ಲಿ ಇದನ್ನು ಮೊದಲು ನೋಡಿದ ಮಗು, ಅಜ್ಜಿಯ ಫೋಟೋ ಕೆಳಗೂ ಅದನ್ನೇ ಕಂಡು "ಹಾಗಂದರೇನು?" ಎಂದು ಕೇಳಿದರೆ ಏನು ಹೇಳುತ್ತೀರಿ?

ಮೂರಕ್ಷರದ ಹಿಂದಿನ ಮೂರು ಪದ

"ರೆಸ್ಟ್ ಇನ್ ಪೀಸ್" ಎಂದು ಬಹುತೇಕರು ಹೇಳುತ್ತಾರೆ. ಅದು ತಪ್ಪಲ್ಲ. ಆದರೆ ಮೂಲ ಲ್ಯಾಟಿನ್: ರೆಕ್ವಿಯೆಸ್ಕಾತ್ ಇನ್ ಪಾಚೆ. ಇಂಗ್ಲಿಷ್ ಅನುವಾದದ ಮೊದಲಕ್ಷರಗಳೂ ಅವೇ ಆಗಿದ್ದು ಆಕಸ್ಮಿಕ.

ಇಂಗ್ಲಿಷಿಗಿಂತ ಕನ್ನಡದಲ್ಲೇ ಈ ಲ್ಯಾಟಿನ್ ಚೆನ್ನಾಗಿ ಕೂರುತ್ತದೆ. "ರೆಸ್ಟ್" ಎಂಬುದು ಸತ್ತವರಿಗೇ "ವಿಶ್ರಮಿಸು" ಎಂದು ಹೇಳಿದಂತೆ ಕೇಳಿಸುತ್ತದೆ. "ರೆಕ್ವಿಯೆಸ್ಕಾತ್" ಆಜ್ಞೆಯಲ್ಲ, ಹಾರೈಕೆ: "ವಿಶ್ರಮಿಸಲಿ". ಬರಲಿ, ಇರಲಿ, ಒಳ್ಳೆಯದಾಗಲಿ ಎನ್ನುವಾಗ ನಾವು ಬಳಸುವ ಅದೇ "ಅಲಿ". ಒಬ್ಬರಿಗಿಂತ ಹೆಚ್ಚು ಜನರಿದ್ದರೆ ಲ್ಯಾಟಿನ್‌ನಲ್ಲಿ ರೂಪ ಬದಲಾಗಿ "ರೆಕ್ವಿಯೆಸ್ಕಾಂತ್" ಆಗುತ್ತದೆ. ಕನ್ನಡದ "ಅಲಿ" ಒಬ್ಬರಿಗೂ ನೂರು ಜನಕ್ಕೂ ಒಂದೇ. "ಇನ್ ಪಾಚೆ" ಅಂದರೆ "ಶಾಂತಿಯಲ್ಲಿ". ಒಟ್ಟು ಅರ್ಥ: ಇವರು ಶಾಂತಿಯಲ್ಲಿ ವಿಶ್ರಮಿಸಲಿ. ಅಂದರೆ ಇದು ದೇವರ ಮುಂದೆ ಇಟ್ಟ ಬೇಡಿಕೆ, ಒಂದು ಪ್ರಾರ್ಥನೆ.

ಇದೇ ಬೇರಿನ ಇನ್ನೊಂದು ಪದ "ರಿಕ್ವಿಯಂ". ಸತ್ತವರಿಗಾಗಿ ಕ್ಯಾಥೋಲಿಕರು ಮಾಡುವ ಪೂಜೆಯ ಮೊದಲ ಲ್ಯಾಟಿನ್ ಪದ ಅದು. ಪೂಜೆಗೂ ಅದರ ಸಂಗೀತಕ್ಕೂ ಅದೇ ಹೆಸರಾಯಿತು. ಬರ್ಮಿಂಗ್‌ಹ್ಯಾಮ್ ಸುತ್ತಮುತ್ತ ಇರುವವರು ಮಕ್ಕಳನ್ನು ಕವೆಂಟ್ರಿ ಕ್ಯಾಥೆಡ್ರಲ್‌ಗೆ ಕರೆದುಕೊಂಡು ಹೋಗಿ. 1940ರ ನವೆಂಬರ್ 14ರ ರಾತ್ರಿ ಬಾಂಬಿಗೆ ಸುಟ್ಟ ಹಳೆಯ ಚರ್ಚಿನ ಗೋಡೆಗಳು ಹಾಗೇ ನಿಂತಿವೆ, ಪಕ್ಕದಲ್ಲೇ ಹೊಸದು. ಹೊಸ ಕಟ್ಟಡದ ಪ್ರತಿಷ್ಠಾಪನೆಗಾಗಿ ಬೆಂಜಮಿನ್ ಬ್ರಿಟನ್ ರಚಿಸಿದ "ವಾರ್ ರಿಕ್ವಿಯಂ" 1962ರ ಮೇ 30ರಂದು ಅಲ್ಲೇ ಮೊದಲು ಕೇಳಿಬಂತು. ಪದದ ತೂಕ ಮಕ್ಕಳಿಗೆ ಅಲ್ಲಿ ತಾನಾಗಿಯೇ ತಿಳಿಯುತ್ತದೆ.

ಕ್ರೈಸ್ತರೆಲ್ಲ ಒಪ್ಪಿದ್ದಲ್ಲ

ಆರ್‌ಐಪಿ ಎಲ್ಲ ಕ್ರೈಸ್ತರ ಮಾತು ಎಂದು ನಾವು ಭಾವಿಸುತ್ತೇವೆ. ಹಾಗಿಲ್ಲ. 16ನೇ ಶತಮಾನದಲ್ಲಿ ಇಂಗ್ಲೆಂಡಿನ ಚರ್ಚ್ ರೋಮ್‌ನಿಂದ ಬೇರೆಯಾದ ಮೇಲೆ, ಸತ್ತವರಿಗಾಗಿ ಪ್ರಾರ್ಥಿಸುವುದೇ ಸರಿಯೇ ಎಂಬ ಜಗಳ ಹುಟ್ಟಿತು. ಬದುಕಿದ್ದಾಗಿನ ನಂಬಿಕೆಯಷ್ಟೇ ಲೆಕ್ಕಕ್ಕೆ ಬರುತ್ತದೆ, ಆಮೇಲೆ ಬೇಡಿ ಫಲವಿಲ್ಲ ಎಂಬುದು ಸುಧಾರಕರ ವಾದ. 1552ರ ಪ್ರಾರ್ಥನಾ ಪುಸ್ತಕದಿಂದ ಅಂಥ ಪ್ರಾರ್ಥನೆಗಳನ್ನು ತೆಗೆದರು. ಆ ವಾದ ಇನ್ನೂ ಸತ್ತಿಲ್ಲ: 2017ರಲ್ಲಿ ಉತ್ತರ ಐರ್ಲೆಂಡ್‌ನ ಒಂದು ಪ್ರೊಟೆಸ್ಟೆಂಟ್ ಸಂಘಟನೆ ಆರ್‌ಐಪಿ ಬಳಸಬೇಡಿ ಎಂದು ತನ್ನವರಿಗೆ ಹೇಳಿ ಸುದ್ದಿಯಾಯಿತು.

ಕವೆಂಟ್ರಿ ಬಳಿಯ ಎಕ್ಸಾಲ್‌ನಲ್ಲಿ ಬೇರೆ ಬಗೆಯ ವಿವಾದ ನಡೆಯಿತು. ಅಲ್ಲಿನ ಸೇಂಟ್ ಜೈಲ್ಸ್ ಚರ್ಚಿನ ಅಂಗಳದಲ್ಲಿರುವ ತಾಯಿಯ ಸಮಾಧಿಯ ಕಲ್ಲಿನ ಮೇಲೆ "ನಮ್ಮ ಹೃದಯಗಳಲ್ಲಿ ಸದಾ" ಎಂಬರ್ಥದ ಮಾತನ್ನು ಐರಿಷ್ ಭಾಷೆಯಲ್ಲಿ ಕೆತ್ತಿಸಲು ಒಂದು ಕುಟುಂಬ ಬಯಸಿತು. ಇಂಗ್ಲಿಷ್ ಅನುವಾದ ಇಲ್ಲದೆ ಆಗದು ಎಂದು 2020ರಲ್ಲಿ ಚರ್ಚ್ ನ್ಯಾಯಾಲಯ ಹೇಳಿತು. ಮನೆಯವರು ಮೇಲ್ಮನವಿ ಸಲ್ಲಿಸಿ 2021ರಲ್ಲಿ ಗೆದ್ದರು. ದುಃಖವನ್ನು ತಾಯಿಯ ಭಾಷೆಯಲ್ಲೇ ಹೇಳಬೇಕೆಂಬ ಆಸೆ ಎಂಥದ್ದೆಂದು ಕನ್ನಡದವರಿಗೆ ಬಿಡಿಸಿ ಹೇಳಬೇಕಿಲ್ಲ.

ನಮ್ಮ ಮಾತುಗಳು

"ನಾವು ಹೂಳುವುದಿಲ್ಲ, ಸುಡುತ್ತೇವೆ, ಆದ್ದರಿಂದ ಆರ್‌ಐಪಿ ನಮಗೆ ಸಲ್ಲದು" ಎಂಬ ಸಂದೇಶ ನಿಮಗೂ ಬಂದಿರಬಹುದು. ಅದು ಪೂರ್ತಿ ನಿಜವಲ್ಲ. ಲಿಂಗಾಯತರು ಸಮಾಧಿ ಮಾಡುತ್ತಾರೆ. ಕನ್ನಡ ಮಾತಾಡುವ ಮುಸ್ಲಿಮರು, ಕ್ರೈಸ್ತರು ಹೂಳುತ್ತಾರೆ. ವ್ಯತ್ಯಾಸವಿರುವುದು ಸತ್ತವರು ಎಲ್ಲಿಗೆ ಹೋದರು ಎಂಬ ನಂಬಿಕೆಯಲ್ಲಿ. "ಸದ್ಗತಿ ಸಿಗಲಿ" ಎಂದಾಗ ಆತ್ಮ ಮುಂದೆ ನಡೆಯುತ್ತಿದೆ. "ಲಿಂಗೈಕ್ಯ" ಎಂದಾಗ ದಾರಿ ಮುಗಿದು ಒಂದಾಗಿದೆ. "ವೈಕುಂಠವಾಸಿ" ಎಂದಾಗ ಊರು ಬದಲಾಗಿದೆ. ಲ್ಯಾಟಿನ್ ಮಾತಿನಲ್ಲಿ ಮಾತ್ರ ಅವರು ಮಲಗಿದ್ದಾರೆ. ನಮ್ಮ ಪತ್ರಿಕೆಗಳ "ಆತ್ಮಕ್ಕೆ ಚಿರಶಾಂತಿ ಸಿಗಲಿ" ಅದಕ್ಕೆ ಸಾಕಷ್ಟು ಹತ್ತಿರ.

ಹಾಗೆಂದು ಗುಂಪಿನಲ್ಲಿ ಆರ್‌ಐಪಿ ಬರೆದ ಭಾವನನ್ನು ತಿದ್ದಲು ಹೋಗಬೇಡಿ. ಸಾವಿನ ದಿನ ವ್ಯಾಕರಣ ಪಾಠಕ್ಕಲ್ಲ.

ಮಕ್ಕಳಿಗೆ ಕಲಿಸುವುದೇನು

ಮೊದಲನೆಯದು, ಅರ್ಥ: ಇದು ಗೋರಿಯ ಮೇಲಿನ ಗುರುತಲ್ಲ, ಹಾರೈಕೆ. ಎರಡನೆಯದು, ತೀರಿಕೊಂಡವರ ನಂಬಿಕೆ ಯಾವುದೋ ಆ ಮಾತು. ಕ್ಯಾಥೋಲಿಕ್ ಗೆಳತಿಯ ತಾತನಿಗೆ ಆರ್‌ಐಪಿ ಚೆನ್ನಾಗಿಯೇ ಒಪ್ಪುತ್ತದೆ. ನಂಬಿಕೆ ಗೊತ್ತಿಲ್ಲದಿದ್ದರೆ "ನಿಮ್ಮ ತಾತ ಹೋದದ್ದು ಕೇಳಿ ತುಂಬಾ ಬೇಜಾರಾಯಿತು" ಎಂಬರ್ಥದ ಸರಳ ಇಂಗ್ಲಿಷ್ ಸಾಲು ಕಾರ್ಡಿನಲ್ಲಿ ಬರೆದರೆ ಸಾಕು.

ಮೂರನೆಯದೇ ಮುಖ್ಯ: ಹೋದವರ ಬಗ್ಗೆ ಒಂದು ನೆನಪು ಸೇರಿಸುವುದು. ನನ್ನ ಅಜ್ಜಿ ಹೋದಾಗ ನಾನು ಲೀಡ್ಸ್‌ನಲ್ಲಿದ್ದೆ, ಪ್ರಯೋಗದ ನಡುವೆ. ಬಂದ ಸಂದೇಶಗಳಲ್ಲಿ ಇವತ್ತಿಗೂ ನೆನಪಿರುವುದು ಪಕ್ಕದ ಮನೆಯವರದು: "ದಿನಾ ಬೆಳಿಗ್ಗೆ ನಮ್ಮ ಮನೆ ದೇವರಿಗೂ ಹೂ ಕೊಟ್ಟು ಹೋಗುತ್ತಿದ್ದರು."

ದೂರದ ನಮಗೆ ಹೆಗಲು ಕೊಡಲು ಆಗುವುದಿಲ್ಲ, ಎಷ್ಟೋ ಸಲ ತಿಥಿಗೂ ರಜೆ ಸಿಗುವುದಿಲ್ಲ. ಕೈಯಲ್ಲಿರುವುದು ಮಾತು ಮಾತ್ರ. ಮುಂದಿನ ಸಲ ಅಂಥ ಸುದ್ದಿ ಬಂದಾಗ ಫೋನ್ ಮಾಡಿ, ಮಗುವಿನ ಕೈಗೆ ಕೊಡಿ. "ಅತ್ತೆ, ತಾತ ನನಗೆ ಗಾಳಿಪಟ ಮಾಡಿಕೊಟ್ಟಿದ್ದರು" ಎಂದು ತೊದಲು ಕನ್ನಡದಲ್ಲಿ ಹೇಳಿದರೂ ಸಾಕು. ಆ ಕಡೆ ಅಳುತ್ತಿರುವವರಿಗೆ ಅದು ತಲುಪುತ್ತದೆ.