ಬಂಗಡೆಯ ಲೆಕ್ಕ, ಇಶಾಡಿನ ಲೆಕ್ಕ

ಮೇ ತಿಂಗಳಲ್ಲಿ ಅಂಕೋಲೆಯ ಬಸ್ ನಿಲ್ದಾಣದ ಹತ್ತಿರ ಕರಿ ಇಶಾಡಿ ಮಾವಿಗೆ ಬೆಳಗ್ಗೆ ಒಂದು ದರ, ಮಧ್ಯಾಹ್ನ ಒಂದು, ಕತ್ತಲಾಗುವ ಹೊತ್ತಿಗೆ ಮತ್ತೊಂದು. ಹಣ್ಣು ಅದೇ. ಸಿಪ್ಪೆ ತೀರಾ ತೆಳು, ತಿರುಳು ಹೆಚ್ಚು. ದೂರದ ಪ್ರಯಾಣ ಇದಕ್ಕೆ ಆಗಿಬರುವುದಿಲ್ಲ. ಬುಟ್ಟಿಯ ಹಿಂದೆ ಕೂತ ಹಾಲಕ್ಕಿ ಅಜ್ಜಿಯನ್ನು "ನಾಳೆಗೆ ಇರ್ತದ್ಯಾ ಅಮ್ಮಾ?" ಎಂದು ಕೇಳಿದೆ. ಆಕೆ ಒಂದೊಂದೇ ಹಣ್ಣನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ ಮೂರು ಪಾಲು ಮಾಡಿದಳು. "ಇದು ಇವತ್ತಿಗೆ, ಇದು ನಾಳೆಗೆ, ಇದು ನಾಡಿದ್ದಿಗೆ." ಬಿಸಿನೆಸ್ ಸ್ಕೂಲಿನಲ್ಲಿ ದಾಸ್ತಾನು ನಿರ್ವಹಣೆ ಎಂಬ ಪಾಠಕ್ಕೆ ಒಂದಿಡೀ ಸೆಮಿಸ್ಟರ್ ತೆಗೆದುಕೊಳ್ಳುತ್ತಾರೆ.

ಇಂಥ ವಹಿವಾಟುಗಳ ಒಳಗುಟ್ಟು ಹುಡುಕಲೆಂದೇ ಆ ಸ್ಕೂಲುಗಳು ತಮ್ಮೊಳಗೆ ಸಂಶೋಧನಾ ಕೇಂದ್ರಗಳನ್ನು ಸಾಕಿಕೊಂಡಿರುತ್ತವೆ. ಪಾಠ ಹೇಳುವ ವಿಭಾಗಗಳು ಹಣಕಾಸು, ಮಾರುಕಟ್ಟೆ ಎಂದು ಶಾಸ್ತ್ರದ ಪ್ರಕಾರ ಬೇರೆಬೇರೆ. ಕೇಂದ್ರ ಹಾಗಲ್ಲ, ಒಂದು ಪ್ರಶ್ನೆಯ ಸುತ್ತ ನಾಲ್ಕು ವಿಭಾಗದವರನ್ನು ಕೂಡಿಸುತ್ತದೆ. 1973ರಲ್ಲಿ ಶುರುವಾದ ಬೆಂಗಳೂರಿನ ಐಐಎಂ ನಮಗೆ ಹತ್ತಿರದ ಉದಾಹರಣೆ. ಬನ್ನೇರುಘಟ್ಟ ರಸ್ತೆಯ ಆ ಕಲ್ಲಿನ ಕ್ಯಾಂಪಸ್ಸಿನಲ್ಲಿ 2000ದಲ್ಲಿ ಕೇಂದ್ರ ಸರ್ಕಾರ ಮತ್ತು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಜೊತೆಗೂಡಿ ಸಾರ್ವಜನಿಕ ನೀತಿ ಕೇಂದ್ರ ತೆರೆಯಿತು. ಹೊಸ ಉದ್ಯಮಿಗಳನ್ನು ಬೆಳೆಸುವ ಎನ್‌ಎಸ್‌ಆರ್‌ಸಿಇಎಲ್, ಇನ್ಫೋಸಿಸ್ ಸ್ಥಾಪಕರಲ್ಲಿ ಒಬ್ಬರಾದ ಎನ್.ಎಸ್. ರಾಘವನ್ ಅವರ ಹೆಸರಿನಲ್ಲಿದೆ. ಅಹಮದಾಬಾದಿನ ಐಐಎಂನಲ್ಲಿ ಕೃಷಿ ನಿರ್ವಹಣೆಗೇ ಪ್ರತ್ಯೇಕ ಕೇಂದ್ರವಿದೆ. ಸರ್ಕಾರವೋ ದಾನಿಯೋ ದುಡ್ಡು ಕೊಡಬೇಕು, ಒಬ್ಬ ಪ್ರಾಧ್ಯಾಪಕರು ಹೊಣೆ ಹೊರಬೇಕು. ಇಷ್ಟಾದರೆ ಕೇಂದ್ರ ನಡೆಯುತ್ತದೆ. ನಾಮಫಲಕ ಬಿಟ್ಟರೆ ಮತ್ತೇನೂ ಇಲ್ಲದ ಕೇಂದ್ರಗಳೂ ದೇಶದ ಕಾಲೇಜುಗಳಲ್ಲಿ ಬೇಕಾದಷ್ಟಿವೆ, ಅವುಗಳ ಮಾತು ಬೇಡ.

ನಮ್ಮ ಜಿಲ್ಲೆಯ ಪಾಲಿಗೆ ಕರ್ನಾಟಕ ವಿಶ್ವವಿದ್ಯಾಲಯದ ಮ್ಯಾನೇಜ್‌ಮೆಂಟ್ ಶಾಲೆ, ಅಂದರೆ ಕೌಸಾಳಿ ಸಂಸ್ಥೆ, ಧಾರವಾಡದಲ್ಲಿದೆ. ಘಟ್ಟ ಹತ್ತಬೇಕು. ಅದೇ ವಿಶ್ವವಿದ್ಯಾಲಯ ಒಂದು ವಿಭಾಗವನ್ನು ಘಟ್ಟ ಇಳಿಸಿ ಕಳಿಸಿತು. ಕಾರವಾರದ ಕೋಡಿಬಾಗದಲ್ಲಿ, ಕಾಳಿ ನದಿ ಕಡಲು ಸೇರುವ ಮಗ್ಗುಲಲ್ಲೇ, ಕಡಲ ಜೀವಶಾಸ್ತ್ರ ವಿಭಾಗ ಇದೆ. ಕಾರಣ ಸರಳ: ಕಡಲನ್ನು ಧಾರವಾಡಕ್ಕೆ ಒಯ್ಯಲಾಗುವುದಿಲ್ಲ. ಉಬ್ಬರಕ್ಕೆ ಉಪ್ಪು ಎಷ್ಟು ಒಳಗೆ ಬಂತು, ಇಳಿತಕ್ಕೆ ಕೆಸರಿನಲ್ಲಿ ಯಾವ ಹುಳ ಉಳಿಯಿತು ಎಂದು ನೋಡಬೇಕಾದವರು ನದಿಯ ಬಾಯಲ್ಲೇ ಇರಬೇಕು.

ಹೀಗೆ ಸ್ಥಳದಲ್ಲೇ ಕೂತು ಲೆಕ್ಕ ಬರೆಯುವ ಪದ್ಧತಿ ಕಾರವಾರಕ್ಕೆ ಹಳೆಯದು. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಹುಟ್ಟಿದ್ದು 1947ರಲ್ಲಿ. ಅದರ ಆರಂಭದ ವರ್ಷಗಳಲ್ಲೇ ಇಲ್ಲಿಯ ಬಂಗಡೆ ವಿಜ್ಞಾನಿಗಳ ಕಣ್ಣಿಗೆ ಬಿತ್ತು. ಎಲ್.ಬಿ. ಪ್ರಧಾನ್ ಅವರು ಕಾರವಾರದ ಬಂಗಡೆ ಮೀನುಗಾರಿಕೆಯ ಬಗ್ಗೆಯೇ ಬರೆದ ಪ್ರಬಂಧ 1956ರಲ್ಲಿ ಪ್ರಕಟವಾಯಿತು. ಕೆಲಸ ನೋಡಲು ಏನೂ ವೈಭವದ್ದಲ್ಲ. ದಡಕ್ಕೆ ಬಂದ ರಾಶಿಯಿಂದ ಒಂದಿಷ್ಟು ಬಂಗಡೆ ಎತ್ತಿಕೊಳ್ಳುವುದು, ಮೂತಿಯಿಂದ ಬಾಲದವರೆಗೆ ಮಿಲಿಮೀಟರಿನಲ್ಲಿ ಅಳೆಯುವುದು, ತೂಗುವುದು, ಹೊಟ್ಟೆ ಸೀಳಿ ಏನು ತಿಂದಿತ್ತು, ಮೊಟ್ಟೆ ಬಲಿತಿತ್ತೇ ಎಂದು ನೋಡುವುದು. ನಾಳೆ ಮತ್ತೆ ಅದೇ. ಎಲ್ಲ ದೋಣಿ ಎಣಿಸಲಾಗದು. ಹಾಗಾಗಿ ಇಂತಿಷ್ಟು ದಿನ, ಇಂತಿಷ್ಟು ದೋಣಿ ಎಂದು ಆರಿಸಿ ಎಣಿಸಿ, ಅದರಿಂದ ಇಡೀ ಕರಾವಳಿಯಲ್ಲಿ ಎಷ್ಟು ಮೀನು ಸಿಕ್ಕಿತು ಎಂದು ಅಂದಾಜು ಮಾಡುತ್ತಾರೆ. ಈ ವರ್ಷ ಬಂಗಡೆ ಕಡಿಮೆ ಎಂದು ನಾವು ಮಾರುಕಟ್ಟೆಯಲ್ಲಿ ಗೊಣಗಬಹುದು, ಅದು ಗೊಣಗಾಟವೋ ನಿಜವೋ ಎಂದು ಹೇಳಲು ಹಳೆಯ ವರ್ಷಗಳ ಪುಸ್ತಕ ಬೇಕು.

ಆ ಪುಸ್ತಕಗಳಲ್ಲಿ ಮೀನು ಸಿಗುತ್ತದೆ, ಮೀನಿನ ವ್ಯಾಪಾರ ಅಷ್ಟಾಗಿ ಸಿಗುವುದಿಲ್ಲ. ನನ್ನ ತಕರಾರು ಇಲ್ಲಿದೆ. ರಂಪಣಿಯನ್ನೇ ತೆಗೆದುಕೊಳ್ಳಿ. ಹಲವು ಮನೆಗಳ ಬಲೆಯ ತುಂಡುಗಳನ್ನು ಒಂದಕ್ಕೊಂದು ಹೊಲಿದು ಮಾಡಿದ ಆ ದೊಡ್ಡ ಬಲೆಯನ್ನು ದೋಣಿಯಲ್ಲಿ ಒಯ್ದು ಅರ್ಧಚಂದ್ರದಂತೆ ಬಿಟ್ಟು, ಹತ್ತಾರು ಜನ ದಡದಲ್ಲಿ ನಿಂತು ಎಳೆಯಬೇಕು. ಬಂದ ಮೀನಿನಲ್ಲಿ ಬಲೆಗೂ ಪಾಲು, ಎಳೆದ ಕೈಗೂ ಪಾಲು. ಷೇರು ಬಂಡವಾಳ ಎಂಬ ಮಾತು ಕೇಳದವರು ಕಟ್ಟಿದ ಕಂಪನಿ ಅದು. 1970ರ ದಶಕದ ಕೊನೆಗೆ ಪರ್ಸೀನ್ ದೋಣಿಗಳು ಬಂದು, ಬಂಗಡೆಯ ಹಿಂಡು ದಡ ಮುಟ್ಟುವ ಮೊದಲೇ ಆಳದಲ್ಲಿ ಬಲೆಗೆ ಬೀಳತೊಡಗಿತು, ರಂಪಣಿ ಸೊರಗಿತು. ಈಗ ಅದರ ಸಣ್ಣ ತಮ್ಮನಂಥ ಏಂಡಿ ಬಲೆ ಅಲ್ಲಲ್ಲಿ ಎಳೆಯುತ್ತಾರೆ. ಎಷ್ಟು ಟನ್ ಯಾವ ಬಲೆಗೆ ಬಿತ್ತು ಎಂಬುದಕ್ಕೆ ದಾಖಲೆ ಉಂಟು. ಪಾಲು ತಪ್ಪಿದ ಮನೆಗಳು ಆಮೇಲೆ ಏನು ಮಾಡಿದವು? ಅದನ್ನು ಬರೆಯಬೇಕಾದದ್ದು ಬಿಸಿನೆಸ್ ಸ್ಕೂಲಿನವರು. ಅವರು ಘಟ್ಟದ ಮೇಲೆ.

ಇದು ಹಳೆಯ ಮಾತು ಎಂದು ತಳ್ಳುವಂತಿಲ್ಲ. ಅಂಕೋಲೆಯ ಕೇಣಿಯಲ್ಲಿ ಬಂದರು ಕಟ್ಟುವ ಗುತ್ತಿಗೆ 2023ರಲ್ಲಿ ಜೆಎಸ್‌ಡಬ್ಲ್ಯೂ ಕಂಪನಿಗೆ ಸಿಕ್ಕಿತು. ಖರ್ಚಿನ ಅಂದಾಜು 4,119 ಕೋಟಿ ರೂಪಾಯಿ. ಮೀನುಗಾರರು ಬೇಡ ಎನ್ನುತ್ತಿದ್ದಾರೆ. ಬಂದರು ಬೇಕೋ ಬೇಡವೋ ಎಂಬ ಜಗಳ ಈ ಲೇಖನದ್ದಲ್ಲ. ಆದರೆ ಒಂದು ಕಡೆ ಕೋಟಿಯ ಕೊನೆಯ ಅಂಕಿಯವರೆಗೆ ಲೆಕ್ಕ, ಇನ್ನೊಂದು ಕಡೆ ಪಾಟಿ ಹೊತ್ತು ಮೀನು ಮಾರುವ ಹೆಂಗಸಿನ ವರ್ಷದ ದುಡಿಮೆಗೆ ಬಾಯಿಮಾತು ಎಂದಾದರೆ, ಸಭೆಯಲ್ಲಿ ಯಾರ ಮಾತು ನಿಲ್ಲುತ್ತದೆ ಹೇಳಿ.

ಹಣ್ಣಿನ ವ್ಯಾಪಾರ ಎಣಿಸುವುದು ದೊಡ್ಡವರ ಕೆಲಸವಲ್ಲ ಎಂದು ಯಾರಾದರೂ ಮೂಗು ಮುರಿದರೆ, ಪುಣೆಯ ಕಡೆ ಬೆರಳು ತೋರಿಸಬಹುದು. ಗೋಖಲೆಯವರು 1905ರಲ್ಲಿ ಕಟ್ಟಿದ ಭಾರತ ಸೇವಕ ಸಮಾಜದ ಆಶ್ರಯದಲ್ಲಿ 1930ರಲ್ಲಿ ಗೋಖಲೆ ಅರ್ಥಶಾಸ್ತ್ರ ಸಂಸ್ಥೆ ಶುರುವಾಯಿತು. ಅದರ ಮುಖ್ಯಸ್ಥ ಡಿ.ಆರ್. ಗಾಡ್ಗೀಳರು ಮೊದಮೊದಲು ಕೈಗೆತ್ತಿಕೊಂಡ ಕೆಲಸಗಳಲ್ಲಿ ಪುಣೆಯ ಹಣ್ಣಿನ ಮಾರುಕಟ್ಟೆಯ ಸಮೀಕ್ಷೆಯೂ ಒಂದು. 1933ರಲ್ಲಿ ಅದು ಪುಸ್ತಕವಾಗಿ ಬಂತು. ಮುಂದೆ ಯೋಜನಾ ಆಯೋಗದ ಉಪಾಧ್ಯಕ್ಷರಾದ ಮನುಷ್ಯ ಹಣ್ಣಿನ ಪೇಟೆಯ ಲೆಕ್ಕ ಬರೆದವರು! ಅದೇ ಸೇವಕ ಸಮಾಜದವರೇ ನಮ್ಮ ಚುಟುಕಗಳ ದಿನಕರ ದೇಸಾಯಿ. ಅವರು ಕಟ್ಟಿದ ಕೆನರಾ ವೆಲ್‌ಫೇರ್ ಟ್ರಸ್ಟ್ ಅಂಕೋಲೆಯಲ್ಲಿ ತೆರೆದ ಕಾಲೇಜಿಗೂ ಗೋಖಲೆಯವರದೇ ಹೆಸರು, ಗೋಖಲೆ ಸೆಂಟಿನರಿ ಕಾಲೇಜು. ಬುಟ್ಟಿಗಳ ಸಾಲು ಇರುವುದೂ ಅದೇ ಊರಿನಲ್ಲಿ. ನಾಲ್ಕು ಜನ ವಿದ್ಯಾರ್ಥಿಗಳು ಒಂದು ಹಂಗಾಮು ನೋಟ್‌ಬುಕ್ ಹಿಡಿದು ನಿಂತರೆ ಸಾಕು, ಕೇಂದ್ರದ ಕಟ್ಟಡ ಆಮೇಲೆ ಬರಲಿ.

ಕರಿ ಇಶಾಡಿಗೆ 2023ರಲ್ಲಿ ಭೌಗೋಳಿಕ ಸೂಚಿ ಸಿಕ್ಕಿತು. ಅರ್ಜಿ ಹಾಕಿದ್ದು ಇಲ್ಲಿಯ ರೈತರದೇ ಕಂಪನಿ, ಮಾತಾ ತೋಟಗಾರ್ಸ್. ಇನ್ನು ಬೇರೆ ಊರಿನ ಮಾವನ್ನು ಈ ಹೆಸರಿನಲ್ಲಿ ಮಾರುವಂತಿಲ್ಲ. ಆದರೆ ಸೂಚಿ ದರ ನಿಲ್ಲಿಸಿಕೊಡುವುದಿಲ್ಲ. ಬೆಳಗ್ಗೆಯಿಂದ ಸಂಜೆಗೆ ದರ ಎಷ್ಟು ಇಳಿಯುತ್ತದೆ, ಎಷ್ಟು ಹಣ್ಣು ಕೊಳೆತು ಹೋಗುತ್ತದೆ, ಮರದಡಿಯಲ್ಲಿ ಗುತ್ತಿಗೆ ಹಿಡಿದವನಿಗೆಷ್ಟು, ಬುಟ್ಟಿ ಹೊತ್ತವಳಿಗೆಷ್ಟು?

ಸಂಜೆ ಮತ್ತೆ ಅಲ್ಲೇ ಬಸ್ಸಿಗೆ ಕಾಯುತ್ತಿದ್ದೆ. ಅಜ್ಜಿಯ ಬುಟ್ಟಿಯಲ್ಲಿ ಏಳು ಹಣ್ಣು ಉಳಿದಿದ್ದವು, ಎಲ್ಲ "ಇವತ್ತಿಗೆ" ಎಂದವೇ. ಇವತ್ತು ಒಟ್ಟು ಎಷ್ಟು ಮಾರಿದೆ ಎಂದು ಕೇಳಿದೆ. "ಲೆಕ್ಕ ಎಂಥದ್ದು ತಮಾ," ಎಂದಳು, "ಏಳನ್ನೂ ತಕ್ಕೊ. ಕೊಟ್ಟಷ್ಟು ಕೊಡು."